ಹೊಳಿ ದಂಡಿಗೂ ಒಂದು ಗೆರಿ ಹಾಕ್ರಿ

ನಮಸ್ಕಾರ್ರೀ. ಗೋವಾ, ಗೋಕರ್ಣದ ಸಮುದ್ರದ ದಂಡಿ ಮ್ಯಾಲಿನ ಶ್ಯಾಕ್, ಅಂದ್ರ ಗುಡಿಸಲು ಹೋಟೆಲು, ತೆಗೀಬೇಕೋ ಬ್ಯಾಡೋ ಅಂತ ಮಾತು ಬಂದಾಗೆಲ್ಲ ನನಗ ನಮ್ಮ ವಿರೂಪಾಪುರ ಗಡ್ಡಿ ನೆನಪಾಗತೈತಿ. ಸಮುದ್ರ ಇಲ್ಲದ ಕೊಪ್ಪಳ ಜಿಲ್ಲಾದಾಗ ನಾವು ಇದನ್ನ ಕಣ್ಣಾರೆ ನೋಡೀವಿ.

ಹಂಪಿ ಕಡಿಂದ ದೋಣಿ ಹತ್ತಿ ತುಂಗಭದ್ರಾ ಹೊಳಿ ದಾಟಿದ್ರ ಗಡ್ಡಿ, ಅಂದ್ರ ಹೊಳಿಯ ನಡುಗಡ್ಡಿ. ಆಗ ಅಲ್ಲಿ ಗರಿ ಹೊದಿಸಿದ ಗುಡಿಸಲು, ಜೋಕಾಲಿ, ಎದುರಿಗೆ ಹಸರ ಭತ್ತದ ಗದ್ದಿ ಇದ್ವು. ಈ ಜಾಗ ಸಂರಕ್ಷಿತ ಅಂತ 1988ರಾಗನ ಅಧಿಸೂಚನೆ ಆಗಿತ್ತು. ಆದ್ರೂ ರೆಸಾರ್ಟ್ ಏಳ್ತಾನ ಹೋದ್ವು. 2015ರಾಗ ಹೈಕೋರ್ಟ್ ತೆಗೀರಿ ಅಂತ ಹೇಳ್ತು, 2020ರ ಫೆಬ್ರುವರಿ 11ಕ್ಕ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ಮಾರ್ಚಿನ್ಯಾಗ ಜೆಸಿಬಿ ಬಂದ್ವು. 32 ವರ್ಷ ಯಾರೂ ತಡೀಲಿಲ್ಲ, ಆಮ್ಯಾಲ ಒಂದ ಏಟಿಗೆ ಎಲ್ಲಾ ನೆಲಸಮ.

ತೆಗೆದಿದ್ದು ಸರಿ ಅಂತನ ನಾ ಹೇಳ್ತೀನಿ. 2019ರ ಆಗಸ್ಟ್‌ನಾಗ ಡ್ಯಾಮಿನಿಂದ ನೀರು ಬಿಟ್ಟಾಗ ಗಡ್ಡಿಯಾಗ ಪ್ರವಾಸಿಗರು ಸಿಕ್ಕೊಂಡಿದ್ರು, ಹೆಲಿಕಾಪ್ಟರ್ ತರಿಸಬೇಕಾತು. ಹಂಗ ಹೊಳಿ ಏರಿದಾಗ ದಂಡಿ ಮ್ಯಾಲಿನ ಪಾಯಖಾನಿ ಗುಂಡಿ ಏನಾಗತಾವ? ಆ ಹೊಲಸೆಲ್ಲ ಕೆಳಗ ಕಂಪ್ಲಿ, ಸಿರುಗುಪ್ಪದ ಕಡಿಗೆ ಹೋಗತೈತಿ. ಇನ್ನೊಂದು, ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶ. ಅವು ಮರಿ ಹಾಕೂದು ದಂಡಿ ಬಂಡೆಗಲ್ಲುಗಳ ಸಂದ್ಯಾಗ. ಅಲ್ಲೇ ರಾತ್ರಿ ಎಲ್ಲ ಲೈಟು, ಸೌಂಡ್ ಸಿಸ್ಟಮ್ ಅಂದ್ರ ಆ ಜೀವ ಎಲ್ಲಿಗೆ ಹೋಗಬೇಕ್ರಿ?

ಆದ್ರ ನನ್ನ ಹೊಟ್ಟಿ ಉರಿಯೂದು ಬ್ಯಾರೆ ಮಾತಿಗೆ. ಕೆಡವಿದ ಮ್ಯಾಲ ರೊಕ್ಕ ಇದ್ದವರು ಸಾಣಾಪುರ, ಹನುಮನಹಳ್ಳಿ ಕಡೆ ಹೊಲ ಹಿಡಿದು ಮತ್ತ ಕಟ್ಟಿದ್ರು. ಅಡಗಿ ಮಾಡಾವ, ರೂಮ್ ಕಸ ಹೊಡಿಯಾಕಿ, ಇವರಿಗೆ ಯಾವ ಹೊಲ? ನಾಳೆ ಅಲ್ಲಿಗೂ ಜೆಸಿಬಿ ಬಂದ್ರ ಮೊದಲ ಬೀದಿಗೆ ಬೀಳೋರು ಮತ್ತ ಇವರ.

ಸಮುದ್ರಕ್ಕ 1991ರಿಂದ ಸಿಆರ್‌ಝಡ್, ಅಂದ್ರ ಕರಾವಳಿ ನಿಯಂತ್ರಣ ವಲಯ, ಅಂತ ನಿಯಮ ಐತಿ. ಭರತದ (ಉಬ್ಬರದ) ನೀರು ಎಲ್ಲಿತನಕ ಏರತೈತೋ ಅಲ್ಲಿಂದ ಅಳತಿ ಹಿಡೀತಾರ. ಅದನ್ನ ಮುರಿಯೋರು ಅದಾರ, ಖರೆ, ಆದ್ರ ತೋರಿಸಾಕ ಒಂದು ಗೆರಿನರ ಐತಿ. ಆ ನಿಯಮ ಒಳನಾಡಿನ ಹೊಳಿಗೆ ಬರೂದಿಲ್ಲ. ಸರ್ಕಾರಕ್ಕ ನಾ ಕೇಳೂದು ಇಷ್ಟ: ಹೊಳಿ ತುಂಬಿದಾಗ ನೀರು ಬಂದ ಗುರುತು ಹಿಡಿದು ಎರಡೂ ದಂಡಿಗೆ ಬಾಂದುಕಲ್ಲು ನೆಡ್ರಿ. ಕಲ್ಲಿನ ಒಳಗ ಗರಿ ಚಪ್ಪರನೂ ಬ್ಯಾಡ, ಕಾಂಕ್ರೀಟೂ ಬ್ಯಾಡ, ಮಾಲಕ ಯಾರರ ಇರ್ಲಿ. ಹೊರಗ, ನಿಯಮ ಒಪ್ಪೋ ಜಾಗದಾಗ, ಊರಿನ ಮನಿತನದವರು ಸ್ವಂತ ಮನ್ಯಾಗ ಎರಡು ಖೋಲಿ ಬಾಡಿಗಿ ಕೊಡಾಕ ಪರವಾನಗಿ ಕೊಡ್ರಿ. ಗಡ್ಡಿಯಾಗ ಕೆಲಸ ಕಳಕೊಂಡವರಿಗೆ ಮೊದಲ ಕೊಡ್ರಿ.

ನೀರಿನ ಗುರುತು ತೋರಿಸಾಕ ಆನೆಗೊಂದಿ ಕಡೆ ಹರಿಗೋಲು ಹಾಕೋರು ಅದಾರ. ಬ್ಯಾಸಿಗ್ಯಾಗ ಹೊಳಿ ಇಳಿದಿರತೈತಿ, ಸರ್ವೇದವರನ್ನ ಆಗ ಕರಕೊಂಡು ಹೋಗ್ರಿ.