ಬಾಯ್ಲರ್ ಹಿಂದಿನ ಎರಡು ಪೈಪು

ಎಲ್ರಿಗೂ ನಮಸ್ಕಾರ. ಇಂಗ್ಲೆಂಡಲ್ಲಿ ಮತ್ತೆ ಚಳಿ ಶುರುವಾಯ್ತು, ಅದಕ್ಕೇ ಇವತ್ತು ರೇಡಿಯೇಟರಿಗೆ ಬಿಸಿನೀರು ಕಳಿಸಿ ಮನೆ ಬೆಚ್ಚಗಿಡೋ ಬಾಯ್ಲರ್ ವಿಷಯ ಮಾತಾಡೋಣ ಅಂತ ಬಂದಿದೀನಿ. ನಾನು ಇಲ್ಲಿ ಗ್ಯಾಸ್ ಬಾಯ್ಲರ್ ಕೂರ್ಸೋ ಕೆಲಸ ಮಾಡೋನು. ನಮ್ಮ ಕನ್ನಡದವರು ಮನೆ ತಗೊಂಡಾಗ ಯಾವ ಕಂಪನಿ ಬಾಯ್ಲರ್, ಎಷ್ಟು ಕಿಲೋವ್ಯಾಟ್, ಎಷ್ಟು ವರ್ಷ ವಾರಂಟಿ ಅಂತ ತಿಂಗಳುಗಟ್ಟಲೆ ವಿಚಾರಿಸ್ತಾರೆ, ಆದ್ರೆ ಅದರಿಂದ ಹೊರಗೆ ಹೋಗೋ ಎರಡು ಪೈಪ್ ಬಗ್ಗೆ, ಅಂದ್ರೆ ಹೊಗೆ ಹೋಗೋ ಫ್ಲೂ ಮತ್ತೆ ನೀರು ಹೋಗೋ ಕಂಡೆನ್ಸೇಟ್ ಪೈಪ್ ಬಗ್ಗೆ, ಒಬ್ರೂ ಕೇಳಲ್ಲ. ನಾನು ನೋಡಿರೋ ತೊಂದರೆಗಳಲ್ಲಿ ಎಷ್ಟೋ ಇರೋದು ಅಲ್ಲೇ.

ಒಂದು ಜನವರಿ ಬೆಳಿಗ್ಗೆ, ಇನ್ನೂ ಕತ್ತಲು, ನಮ್ಮ ಕಡೆಯವರೇ ಒಬ್ರು ಫೋನ್ ಮಾಡಿದ್ರು. "ಅಣ್ಣ, ಬಾಯ್ಲರ್ ಒಳಗೆ ಗುಳುಗುಳು ಅಂತ ಸದ್ದು ಬಂತು, ಆಮೇಲೆ ನಿಂತೇ ಹೋಯ್ತು, ಮನೇಲಿ ಮೂರು ತಿಂಗಳ ಮಗು ಇದೆ" ಅಂದ್ರು. ಹೋಗಿ ನೋಡಿದ್ರೆ ಬಾಯ್ಲರ್ ಹೊಸದು, ಅದಕ್ಕೆ ಏನೂ ಆಗಿರ್ಲಿಲ್ಲ. ಹಿತ್ತಲಿಗೆ ಹೋದೆ, ಉತ್ತರದ ಗೋಡೆ ಮೇಲೆ ಬಿಸಿಲೇ ಬೀಳದ ಜಾಗದಲ್ಲಿ ಸಣ್ಣ ಬಿಳಿ ಕಂಡೆನ್ಸೇಟ್ ಪೈಪ್ ಐದಾರು ಮೀಟರ್ ಉದ್ದಕ್ಕೂ ಬೆತ್ತಲೆಯಾಗಿ ಓಡಿದೆ, ವಾಟಾನೂ ಸರಿಯಾಗಿ ಕೊಟ್ಟಿಲ್ಲ, ಒಳಗೆ ನೀರು ನಿಂತು ಹೆಪ್ಪುಗಟ್ಟಿ ಕಲ್ಲಾಗಿದೆ, ನೀರು ಹೋಗೋಕೆ ದಾರಿ ಇಲ್ಲದೆ ಬಾಯ್ಲರ್ ನಿಂತಿದೆ. ಬೆಚ್ಚಗಿನ ನೀರು ಸುರಿದು ಸುರಿದು ಕರಗಿಸಿ ರೀಸೆಟ್ ಒತ್ತಿದ್ಮೇಲೆ ಬಾಯ್ಲರ್ ಹತ್ಕೊಳ್ತು. ಕುದಿಯೋ ನೀರು ಹಾಕ್ಬೇಡಿ, ಪೈಪ್ ಬಿರುಕು ಬಿಡತ್ತೆ, ಹಾಗೇ ಕೆಳಗೆ ಬಿದ್ದ ನೀರು ಹೆಪ್ಪುಗಟ್ಟಿ ಯಾರಾದ್ರೂ ಜಾರಿ ಬೀಳ್ತಾರೆ, ಬಿಸಿನೀರಿನ ರಬ್ಬರ್ ಚೀಲ ಒತ್ತಿ ಹಿಡಿದ್ರೂ ಸಾಕು. 2010ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನೂರು ವರ್ಷದ ಯಾವ ಡಿಸೆಂಬರಲ್ಲೂ ಕಾಣದಂಥ ಚಳಿ ಬಿತ್ತಲ್ಲ, ಆಗ ದೇಶದ ತುಂಬಾ ಇದೇ ಕಥೆ ಆಗಿತ್ತು, 2018ರ ಮಾರ್ಚ್ ಹಿಮದಲ್ಲೂ ಅದೇ.

ಅಲ್ಲ, ಬಾಯ್ಲರಿಂದ ನೀರು ಯಾಕೆ ಬರ್ಬೇಕು ಅಂತ ತುಂಬಾ ಜನ ಕೇಳ್ತಾರೆ, ಲೀಕ್ ಆಗ್ತಿದೆ ಅಂತ ಹೆದರ್ತಾರೆ. ಗ್ಯಾಸ್ ಉರಿದಾಗ ನೀರೇ ಹುಟ್ಟತ್ತೆ, ಒಂದು ಕಿಲೋ ಮೀಥೇನ್ ಉರಿದ್ರೆ ಎರಡೂಕಾಲು ಕಿಲೋ ನೀರು, ಆದ್ರೆ ಹಬೆ ರೂಪದಲ್ಲಿ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿದ್ರೆ ಹೇಗೆ ಸುಡತ್ತೆ ನೋಡಿ, ಬಿಸಿನೀರು ತಾಗಿದ್ದಕ್ಕಿಂತ ಜಾಸ್ತಿ, ಯಾಕಂದ್ರೆ ಹಬೆ ನೀರಾಗುವಾಗ ತನ್ನೊಳಗಿದ್ದ ಶಾಖಾನೆಲ್ಲ ನಮ್ಮ ಚರ್ಮಕ್ಕೆ ಕೊಟ್ಟುಬಿಡತ್ತೆ. ಹಳೇ ಬಾಯ್ಲರ್ ಆ ಶಾಖಾನ ಚಿಮಣಿಯಿಂದ ಆಕಾಶಕ್ಕೆ ಬಿಡ್ತಿತ್ತು. ಕಂಡೆನ್ಸಿಂಗ್ ಬಾಯ್ಲರ್ ಆ ಹೊಗೆನ ಸುಮಾರು 55 ಡಿಗ್ರಿಗಿಂತ ಕೆಳಗೆ ತಣಿಸಿ, ಹಬೆನ ನೀರು ಮಾಡಿ, ಶಾಖ ವಾಪಸ್ ತಗೊಳ್ಳತ್ತೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೆಚ್ಚುಕಮ್ಮಿ ಎಲ್ಲಾ ಹೊಸ ಗ್ಯಾಸ್ ಬಾಯ್ಲರೂ ಇದೇ ಥರದ್ದಾಗ್ಬೇಕು ಅಂತ ರೂಲ್ ಬಂತು. ಹಾಗಾಗಿ ಆ ಪೈಪಲ್ಲಿ ನೀರು ಬರ್ತಿದ್ರೆ ಸಂತೋಷ ಪಡಿ. ರೇಡಿಯೇಟರ್ ನೀರಿನ ಟೆಂಪರೇಚರ್ 80ಕ್ಕೆ ಇಟ್ಕೊಂಡಿದ್ರೆ ಮಾತ್ರ ವಾಪಸ್ ಬರೋ ನೀರೂ ಬಿಸಿಯಾಗೇ ಇದ್ದು ಹಬೆ ನೀರಾಗೋದು ಕಮ್ಮಿ, ದುಡ್ಡು ಕೊಟ್ಟು ತಂದ ಎಫಿಶಿಯೆನ್ಸಿ ಹೊಗೆ ಜೊತೆ ಹೋಗತ್ತೆ.

ಈ ನೀರು ಹುಳಿ ಮಜ್ಜಿಗೆ ಥರ ಹುಳಿ, ಪಿಎಚ್ 3ರಿಂದ 5ರ ಮಧ್ಯೆ. ತಾಮ್ರದ ಪಾತ್ರೇಲಿ ನಮ್ಮಮ್ಮ ಮೊಸರು ಹೆಪ್ಪು ಹಾಕ್ತಿರ್ಲಿಲ್ಲ, ಅದೇ ಕಾರಣಕ್ಕೆ ಇಲ್ಲಿ ತಾಮ್ರದ ಪೈಪ್ ಹಾಕೋ ಹಾಗಿಲ್ಲ, ಪ್ಲಾಸ್ಟಿಕ್ಕೇ ಬೇಕು. ಸಾಧ್ಯವಾದಷ್ಟೂ ಮನೆ ಒಳಗೇ ಓಡ್ಸಿ ಟಾಯ್ಲೆಟ್‌ನ ದೊಡ್ಡ ಪೈಪಿಗೋ ಅಡುಗೆಮನೆ ಸಿಂಕ್ ಪೈಪಿಗೋ ಸೇರಿಸ್ಬೇಕು. ಹೊರಗೆ ಹೋಗ್ಲೇಬೇಕು ಅಂದ್ರೆ ಪೈಪ್ 32 ಮಿಲಿಮೀಟರಿಗೆ ಏರಿಸ್ಬೇಕು, 3 ಮೀಟರ್ ದಾಟಬಾರದು, ಮಳೆಗೆ ನೆನೆಯದ ಇನ್ಸುಲೇಷನ್ ಸುತ್ತಬೇಕು, ಒಂದು ಮೀಟರಿಗೆ 45 ಮಿಲಿಮೀಟರ್ ವಾಟ ಇರ್ಬೇಕು. ಮೋರಿ ಸಿಗದ ಕಡೆ ಸುಣ್ಣದ ಕಲ್ಲಿನ ಚೂರು ತುಂಬಿದ ಗುಂಡಿಗೆ ಬಿಟ್ರೆ ಹುಳಿ ಅಲ್ಲೇ ಮುರಿಯತ್ತೆ. ಆ ಮಗು ಇದ್ದ ಮನೇಲಿ ಒಳಗೋಡೆಗೆ ಒಂದು ತೂತು ಕೊರೆದು ವಾಷಿಂಗ್ ಮಷೀನ್ ನೀರು ಹೋಗೋ ಪೈಪಿಗೆ ಸೇರಿಸಿದೆ, ಅರ್ಧ ದಿನದ ಕೆಲಸ. ಮೊದಲು ಕೂರಿಸಿದವರು ಆ ಅರ್ಧ ದಿನ ಉಳಿಸಿದ್ರು ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಇನ್ನು ಫ್ಲೂ. ಪೈಪೊಳಗೆ ಪೈಪು, ಒಳಗಿನದ್ರಲ್ಲಿ ಹೊಗೆ ಹೋಗತ್ತೆ, ಹೊರಗಿನದ್ರಲ್ಲಿ ಉರಿಯೋಕೆ ಬೇಕಾದ ಗಾಳಿ ಬರತ್ತೆ, ಮನೆ ಗಾಳಿ ಮುಟ್ಟೋದೇ ಇಲ್ಲ. ಮಳೆನೀರು ಒಳಗೆ ಬರದಿರ್ಲಿ ಅಂತ ಪೈಪನ್ನ ಹೊರಕ್ಕೆ ವಾಟ ಕೊಡೋದು ಹಳಬರ ಅಭ್ಯಾಸ. ಇದು ತದ್ವಿರುದ್ಧ, ಫ್ಲೂ ಬಾಯ್ಲರ್ ಕಡೆಗೇ ಇಳೀಬೇಕು, ಸಾಮಾನ್ಯವಾಗಿ 3 ಡಿಗ್ರಿಯಷ್ಟು, ಯಾಕಂದ್ರೆ ಅದರೊಳಗೂ ಹುಳಿ ನೀರು ಕಟ್ಟತ್ತೆ, ಅದು ವಾಪಸ್ ಬಂದು ಟ್ರ್ಯಾಪ್, ಅಂದ್ರೆ ಕಂಡೆನ್ಸೇಟ್ ಪೈಪಿಗೆ ಹೋಗೋ ಮುಂಚೆ ನೀರು ನಿಲ್ಲೋ ಭಾಗ, ಅದರ ಮೂಲಕಾನೇ ಹೋಗ್ಬೇಕು. ಟ್ರ್ಯಾಪಲ್ಲಿ ಯಾವಾಗ್ಲೂ ನಿಂತಿರೋ ನೀರೇ ಹೊಗೆಗೆ ಬೀಗ, ಹೊಸ ಬಾಯ್ಲರ್ ಹಚ್ಚೋ ಮುಂಚೆ ಅದಕ್ಕೆ ನೀರು ತುಂಬಿಸ್ಬೇಕು, ತುಂಬದೇ ಹಚ್ಚಿದ್ರೆ ಹೊಗೆ ಆ ದಾರೀಲೇ ಬರಬಹುದು. ಹೊರಗಿನ ಬಾಯಿ ತೆರೆಯೋ ಕಿಟಕಿಯಿಂದ ಕಮ್ಮಿ ಅಂದ್ರೂ 300 ಮಿಲಿಮೀಟರ್ ದೂರ ಇರ್ಬೇಕು, ಪಕ್ಕದ ಮನೆಯವರ ಕಿಟಕಿಗೂ ಇದು ಲೆಕ್ಕ.

ಫ್ಲಾಟಲ್ಲಿರೋರು ಸ್ವಲ್ಪ ಜಾಸ್ತಿ ಗಮನ ಕೊಡಿ. ಅಲ್ಲಿ ಎಷ್ಟೋ ಸಲ ಫ್ಲೂ ಸೀಲಿಂಗ್ ಮೇಲೆ ಮುಚ್ಚಿಹೋಗಿರತ್ತೆ, ಪರೀಕ್ಷೆ ಮಾಡೋಕೆ ಹ್ಯಾಚ್, ಅಂದ್ರೆ ತೆಗೆದು ನೋಡೋ ಸಣ್ಣ ಬಾಗಿಲು, ಇರ್ಬೇಕು. ಒಂದು ಫ್ಲಾಟಲ್ಲಿ ಹ್ಯಾಚ್ ತೆಗೆದು ಟಾರ್ಚ್ ಬಿಟ್ರೆ ಬ್ರ್ಯಾಕೆಟ್ಟೇ ಇಲ್ಲ, ಪೈಪ್ ಜೋತುಬಿದ್ದು ಜಾಯಿಂಟ್ ಬಾಯಿ ಬಿಟ್ಟಿತ್ತು, ಕೆಳಗೆ ಮಕ್ಕಳ ಮಂಚ. ಆವತ್ತು ಆ ಬಾಯ್ಲರ್ ಅಲ್ಲೇ ಬಂದ್ ಮಾಡ್ಸಿ ಬಂದೆ. ಬೆಂಗಳೂರಲ್ಲಿ ಬಚ್ಚಲುಮನೆ ಕಿಟಕಿ ಮುಚ್ಚಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬರ್ಲಿಲ್ಲ ಅನ್ನೋ ಸುದ್ದಿ ನಾವೆಲ್ಲ ಓದಿದೀವಿ, ಅದೇ ಕಾರ್ಬನ್ ಮಾನಾಕ್ಸೈಡ್ ಇದೂ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು, ಸುಸ್ತು ಅನ್ಕೊಂಡು ಮಲಗಿಬಿಡ್ತಾರೆ.

ಇಂಗ್ಲೆಂಡಲ್ಲಿ 2022ರ ಅಕ್ಟೋಬರ್‌ನಿಂದ ಬಾಡಿಗೆ ಮನೇಲಿ ಬಾಯ್ಲರ್ ಇರೋ ರೂಮಿಗೆ ಇದರ ಅಲಾರಂ ಹಾಕ್ಸೋದು ಓನರ್ ಜವಾಬ್ದಾರಿ, ಇಲ್ಲದಿದ್ರೆ ಕೇಳಿ, ಹೊಸದಾಗಿ ಬಂದೋರು ಸಂಕೋಚ ಮಾಡ್ಕೊಂಡು ಸುಮ್ನೆ ಇರ್ತಾರೆ, ಇರ್ಬೇಡಿ. ಕೆಲಸಕ್ಕೆ ಬಂದೋರ ಗ್ಯಾಸ್ ಸೇಫ್ ಕಾರ್ಡ್, ಅಂದ್ರೆ ಗ್ಯಾಸ್ ಕೆಲಸಗಾರರ ನೋಂದಣಿ ಕಾರ್ಡ್, ತಿರುಗಿಸಿ ಹಿಂದೆ ನೋಡಿ, ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿ ಬರ್ದಿರತ್ತೆ. ಅಲಾರಂ ಹೊಡ್ಕೊಂಡ್ರೆ ಬಾಯ್ಲರ್ ಆರ್ಸಿ, ಕಿಟಕಿ ಬಾಗಿಲು ತೆಗೀರಿ, ಎಲ್ರೂ ಹೊರಗೆ ಬಂದು ಗ್ಯಾಸ್ ಎಮರ್ಜೆನ್ಸಿ ನಂಬರ್ 0800 111 999ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ್ಲೂ ಎತ್ತುತ್ತಾರೆ. ಇನ್ನೊಂದ್ಸಲ ಹೇಳ್ತೀನಿ, ಬರ್ಕೊಳ್ಳಿ: 0800 111 999. ನಮಸ್ಕಾರ.