ಕೆನ್ನೆ ಕೂರುವ ಜಾಗ: ನಮ್ಮ ಏರ್ ರೈಫಲ್‌ಗೆ ಹೊಸ ಸ್ಟಾಕ್

ಈ ವಿಡಿಯೋದಲ್ಲಿ ಹಿಂದೆ ಕೇಳುತ್ತಿರುವುದು ಆಲ್ದೂರಿನ ಮಳೆ. ತೋಟಕ್ಕೆ ಇಳಿಯೋ ಹಾಗಿಲ್ಲ. ಹಾಗಾಗಿ ಎರಡು ತಿಂಗಳಿಂದ ಬಾಕಿ ಇದ್ದ ಕೆಲಸವನ್ನು ಇವತ್ತು ಜಗಲಿಯಲ್ಲಿ ಹರಡಿಕೊಂಡು ಕೂತಿದ್ದೇನೆ. ಇದು ನಮ್ಮ ಮನೆಯ ಏರ್ ರೈಫಲ್, ನಳಿಗೆಯ ಒಳ ಅಳತೆ .177 ಇಂಚು, ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಮಾದರಿ. ಪಕ್ಕದಲ್ಲಿ ಪಂಚೆ ಮೇಲೆ ಮಲಗಿರುವುದು ಅದಕ್ಕೆ ಬೇರೆ ಕಡೆಯಿಂದ ತರಿಸಿದ ಸ್ಟಾಕ್, ಅಂದರೆ ಕಬ್ಬಿಣದ ಭಾಗ ಕೂರುವ, ಭುಜಕ್ಕೆ ಒತ್ತಿ ಹಿಡಿಯುವ ಮರದ ಭಾಗ. ಅಕ್ರೋಟು ಮರದ್ದು, ಕೆನ್ನೆ ಇಡುವ ತುಂಡನ್ನು ಮೇಲೆ ಕೆಳಗೆ ಮಾಡಬಹುದು.

ಸ್ಟಾಕ್ ಬದಲಾಯಿಸಿದರೆ ಗುರಿ ಸರಿಹೋಗುತ್ತಾ ಅಂತ ಕೇಳುತ್ತೀರಿ. ನಳಿಗೆ ಅದೇ, ಸ್ಪ್ರಿಂಗ್ ಅದೇ, ಗುಂಡಿನ ಹಾಗೆ ಹೊಡೆಯುವ ಸಣ್ಣ ಪೆಲೆಟ್ಟೂ ಅದೇ. ಬದಲಾಗುವುದು ನಿಮ್ಮ ಕಣ್ಣು ಎಲ್ಲಿ ಬಂದು ನಿಲ್ಲುತ್ತೆ ಅನ್ನೋದು. ನನ್ನ ತೊಂದರೆ ಇದ್ದದ್ದೇ ಅಲ್ಲಿ. ಹಳೆಯ ಸ್ಟಾಕ್ ಮಾಡಿರುವುದು ನಳಿಗೆ ಮೇಲಿನ ಮಾಮೂಲಿ ಸೈಟ್ ನೋಡಿ ಹೊಡೆಯುವವರಿಗೆ. ನಾನು ಅದರ ಮೇಲೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸಿದೆ, ಕಣ್ಣು ಮೇಲೆ ಹೋಯಿತು, ಕೆನ್ನೆ ಮರ ಬಿಟ್ಟು ಎದ್ದಿತು, ಬರೀ ಗದ್ದ ತಾಗುತ್ತಿತ್ತು. ಒಂದೊಂದು ಸಲ ತಲೆ ಒಂದೊಂದು ಕಡೆ. ನನ್ನ ಸ್ಕೋಪ್ 100 ಗಜ ದೂರಕ್ಕೆ ಹೊಂದಿಸಿದ್ದು, ನಾನು ಹೊಡೆಯುವುದು 10 ಮೀಟರಿನಲ್ಲಿ. ಇಷ್ಟು ಹತ್ತಿರದಲ್ಲಿ ತಲೆ ಸ್ವಲ್ಪ ಅಲುಗಿದರೂ ಒಳಗಿನ ಗೆರೆ ಗುರಿಯ ಮೇಲೆ ಜಾರುತ್ತದೆ. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ. ಇದು ಗೊತ್ತಾಗದೆ, ತಪ್ಪು ಪೆಲೆಟ್‌ನದು ಅಂದುಕೊಂಡು ಒಂದು ವರ್ಷ ಸುಮ್ನೆ ಪೆಲೆಟ್ ಬದಲಾಯಿಸುತ್ತಾ ಕೂತಿದ್ದೆ.

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಆ ಮಟ್ಟದ ರೈಫಲ್‌ಗಳನ್ನು ನೋಡಿ, ಕೆನ್ನೆ ಇಡುವ ಜಾಗ, ಭುಜಕ್ಕೆ ಒತ್ತುವ ತುದಿ, ಎಲ್ಲಕ್ಕೂ ಸ್ಕ್ರೂ ಇರುತ್ತೆ. ಮನುಷ್ಯನ ಅಳತೆಗೆ ರೈಫಲ್ ಬರಬೇಕು ಅಂತಲೇ ಅಲ್ವಾ?

ಈಗ ಬಿಚ್ಚೋಣ. ಮೊದಲು ನಳಿಗೆಯನ್ನು ಸ್ಪ್ರಿಂಗ್ ಎಳೆಯದಷ್ಟು ಸ್ವಲ್ಪವೇ ಮಡಚಿ ಒಳಗೆ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ. ಸ್ಟಾಕ್ ಇಲ್ಲದೆ ಇದನ್ನು ಯಾವ ಕಾರಣಕ್ಕೂ ಕಾಕ್ ಮಾಡಬೇಡಿ, ಅಂದರೆ ನಳಿಗೆ ಪೂರ್ತಿ ಮಡಚಿ ಸ್ಪ್ರಿಂಗ್ ಎಳೆಯಬೇಡಿ, ನಳಿಗೆ ರಪ್ಪಂತ ವಾಪಸ್ ಬಂದರೆ ಬೆರಳು ಹೋಗುತ್ತೆ. ಮುಂದೆ ಎರಡೂ ಬದಿಗೆ ಒಂದೊಂದು ಸ್ಕ್ರೂ, ಟ್ರಿಗರ್ ಹತ್ತಿರ ಎರಡು. ಅಷ್ಟೇ.

ಹೊಸದು ನೇರವಾಗಿ ಕೂರಲಿಲ್ಲ. ಹಿಂದಿನ ತುದಿಯಲ್ಲಿ ಎಲ್ಲೋ ಹಿಡಿಯುತ್ತಿತ್ತು. ಉಳಿ ತರಲು ಎದ್ದೆ, ಅಪ್ಪ ತಡೆದರು. "ಎಲ್ಲಿ ಹಿಡಿಯುತ್ತೆ ಅಂತ ಗೊತ್ತಾಗದೆ ಕೆತ್ತಬೇಡ ಕಣೋ." ಬುಡ್ಡಿ ದೀಪ ಹಚ್ಚಿ, ಮಗುವಿಗೆ ಕಾಡಿಗೆ ಮಾಡುವ ಹಾಗೆ ಮೇಲೆ ತಟ್ಟೆ ಬೋರಲು ಹಾಕಿ ಮಸಿ ಹಿಡಿದರು. ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿ, ಕಬ್ಬಿಣದ ಅಡಿಭಾಗಕ್ಕೆ ಬೆರಳಲ್ಲಿ ತೆಳ್ಳಗೆ ಸವರಿದೆವು. ಕೂರಿಸಿ, ಒತ್ತಿ, ಎತ್ತಿ ನೋಡಿದರೆ ಮರದೊಳಗೆ ಕಡಲೆಕಾಳಿನಷ್ಟು ದೊಡ್ಡ ಎರಡು ಕಪ್ಪು ಗುರುತು. ಹಿಡಿಯುತ್ತಿದ್ದದ್ದು ಅಲ್ಲಿ ಮಾತ್ರ! ಪೆನ್ಸಿಲ್‌ಗೆ ಸ್ಯಾಂಡ್ ಪೇಪರ್ ಸುತ್ತಿ ಅಷ್ಟನ್ನೇ ಉಜ್ಜಿದೆ. ಮತ್ತೆ ಮಸಿ, ಮತ್ತೆ ಒತ್ತುವುದು. ಹನ್ನೊಂದನೇ ಸಲಕ್ಕೆ ಕಪ್ಪು ಉದ್ದಕ್ಕೂ ಸಮನಾಗಿ ಬಿತ್ತು. ವಿಡಿಯೋದಲ್ಲಿ ಇದನ್ನು ವೇಗವಾಗಿ ಓಡಿಸಿ ತೋರಿಸಿದ್ದೇನೆ, ನಿಜಕ್ಕೂ ಹಿಡಿದದ್ದು ಇಡೀ ಮಧ್ಯಾಹ್ನ.

ಮಲೆನಾಡಿನವರು ಇನ್ನೊಂದು ಕೆಲಸ ಮರೆಯಬೇಡಿ. ಹೊರಗೆ ಪಾಲಿಶ್ ಇದ್ದರೂ ಒಳಗೆ ಉಜ್ಜಿದ ಮರ ಬರಿದಾಗಿರುತ್ತೆ. ನಮ್ಮ ಮಳೆಗಾಲದ ತೇವ ಕುಡಿದು ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ, ಗುರಿ ಅದರ ಜೊತೆ ಅಲೆಯುತ್ತೆ. ಒಳಗೂ, ಹಿಂದಿನ ರಬ್ಬರ್ ಪ್ಯಾಡ್ ತೆಗೆದು ಅದರಡಿಯ ಅಡ್ಡ ಕೊಯ್ದ ತುದಿಗೂ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ಆ ತುದಿಯೇ ಎಲ್ಲಕ್ಕಿಂತ ಜಾಸ್ತಿ ನೀರು ಎಳೆಯುವುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಇದು ಆರು ದಿನದ ನಂತರ. ಸ್ಕ್ರೂಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಬಿಟ್ಟು, ಆಮೇಲೆ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಜಗ್ಗುತ್ತೆ, ಅದಕ್ಕೇ ಸ್ಕ್ರೂ ಸಡಿಲ ಆಗೋದು. ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯುವ ಅಂಟು, ನೀಲಿ ಥ್ರೆಡ್ ಲಾಕರ್, ಒಂದು ಹನಿ ಸಾಕು. ಕೆಂಪು ಬೇಡ, ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತೆ.

ಕೆನ್ನೆ ತುಂಡು ಹೊಂದಿಸುವುದು ಹೀಗೆ. ಕಣ್ಣು ಮುಚ್ಚಿ, ರೈಫಲ್ ಭುಜಕ್ಕೆ ತಂದು, ಕೆನ್ನೆ ಭಾರ ಪೂರ್ತಿ ಬಿಡಿ. ಈಗ ಕಣ್ಣು ತೆರೆಯಿರಿ. ಸ್ಕೋಪಿನ ಅಂಚಿನವರೆಗೂ ದುಂಡಗೆ ಚಿತ್ರ ಕಂಡರೆ ಸರಿ. ಅಂಚಿನಲ್ಲಿ ಕಪ್ಪು ನೆರಳು ಬಂದರೆ ಎತ್ತರ ತಪ್ಪಿದೆ.

ಮಳೆ ಬಿಟ್ಟಿದೆ, ಹಿತ್ತಲಿಗೆ ಬನ್ನಿ. ಹಳೆ ಬಟ್ಟೆ ತುಂಬಿದ ಪೆಟ್ಟಿಗೆ, ಅದರ ಹಿಂದೆ ಎತ್ತರದ ಮಣ್ಣಿನ ಧರೆ, ಆಚೆ ಯಾರೂ ಓಡಾಡುವುದಿಲ್ಲ. ಹಾಳೆಗೆ ಮಾತ್ರ ಹೊಡೆಯುವುದು. ಹಕ್ಕಿಗೆ ಹೊಡೆಯುತ್ತೀರಾ ಅಂತ ಕೇಳುವವರಿಗೆ, ಇಲ್ಲ, ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ನನಗೆ ಮನಸ್ಸೂ ಇಲ್ಲ. ಮನೆಯಲ್ಲಿ ಲೈಸೆನ್ಸ್ ಕೋವಿ ಇದ್ದರೆ ಅದಕ್ಕೆ ಹೀಗೆಲ್ಲ ಕೈ ಹಾಕಬೇಡಿ. ಅದು ಲೈಸೆನ್ಸ್ ಇರುವ ರಿಪೇರಿಯವರ ಕೆಲಸ.

ಮೊದಲ ಐದು ಪೆಲೆಟ್ ನಾಲ್ಕು ಸೆಂಟಿಮೀಟರ್ ಕೆಳಗೆ, ಎಡಕ್ಕೆ ಬಿದ್ದವು. ಇದು ನಿರೀಕ್ಷಿಸಿದ್ದೇ, ಸ್ಟಾಕ್ ಬದಲಾದರೆ ಸ್ಕೋಪ್ ಮತ್ತೆ ಹೊಂದಿಸಲೇಬೇಕು. ಆದರೆ ಐದೂ ಒಟ್ಟಿಗೆ ಬಿದ್ದಿವೆ ನೋಡಿ! ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುತ್ತೆ. ಹಳೆಯ ಹಾಳೆ ಪಕ್ಕದಲ್ಲಿದೆ, ಅದಕ್ಕೆ ಐದು ರೂಪಾಯಿ ನಾಣ್ಯವೂ ಸಾಲಲಿಲ್ಲ. ಸ್ಪ್ರಿಂಗಿನ ಒದೆತ ಪ್ರತಿ ಸಲ ಒಂದೇ ಥರ ಇರಲಿ ಅಂತ ಮುಂದಿನ ಕೈಯಲ್ಲಿ ಬಿಗಿಯಾಗಿ ಹಿಡಿದಿಲ್ಲ, ತೆರೆದ ಅಂಗೈ ಮೇಲೆ ಸುಮ್ನೆ ಕೂರಿಸಿದ್ದೇನೆ.

ಆಮೇಲೆ ಅಪ್ಪ ತೆಗೆದುಕೊಂಡರು. ಅವರದು ಉದ್ದ ಮುಖ, ನನಗೆ ಹೊಂದಿಸಿದ ಕೆನ್ನೆ ತುಂಡಿನ ಎತ್ತರ ಅವರಿಗೆ ಆಗಲಿಲ್ಲ, ಎರಡು ಗೆರೆ ಕೆಳಗೆ ಇಳಿಸಿದೆವು. ಕೆನ್ನೆ ತುಂಡಿನ ಕಂಬಿಯ ಮೇಲೆ ಪೆನ್ಸಿಲ್‌ನಲ್ಲಿ ಈಗ ಎರಡು ಗುರುತು ಇವೆ, ಮೇಲಿನದು ನನ್ನದು, ಕೆಳಗಿನದು ಅಪ್ಪನದು.