ಟ್ರಿಸ್ಟನ್ ಡ ಕುನ್ಹಾ: ಹಡಗುಗಳು ಕಟ್ಟಿದ ಊರು

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕುನ್ಹಾ ಎಂಬ ಜ್ವಾಲಾಮುಖಿ ದ್ವೀಪವಿದೆ. ಜನವಸತಿಯಿರುವ ತೀರಾ ಹತ್ತಿರದ ನೆರೆಯೆಂದರೆ ಸುಮಾರು 2,400 ಕಿಲೋಮೀಟರ್ ಆಚೆಯ ಸೇಂಟ್ ಹೆಲೆನಾ. ಸುತ್ತಲೂ ಕಡಿದಾದ ಬಂಡೆ. ವಾಯವ್ಯದಲ್ಲಿ ಮಾತ್ರ ಒಂದಿಷ್ಟು ಅಗಲದ ತಗ್ಗು ನೆಲ, ಸಿಹಿನೀರಿನ ತೊರೆ. ಜನ ನೆಲೆ ನಿಂತದ್ದು ಅಲ್ಲಿ.

1816ರಲ್ಲಿ ಬ್ರಿಟಿಷರು ಇಲ್ಲಿ ಪಡೆ ಇಳಿಸಿದರು. ಸೇಂಟ್ ಹೆಲೆನಾದಲ್ಲಿ ಸೆರೆಯಿದ್ದ ನೆಪೋಲಿಯನ್ನನನ್ನು ಬಿಡಿಸಲು ಯಾರಾದರೂ ಈ ಜಾಗ ಬಳಸಿಯಾರು ಎಂಬ ಅಂಜಿಕೆ. ಮರುವರ್ಷವೇ ಪಡೆ ವಾಪಸಾಯಿತು. ಕಾರ್ಪೊರಲ್ ವಿಲಿಯಂ ಗ್ಲಾಸ್ ಹೆಂಡತಿ ಮಕ್ಕಳೊಂದಿಗೆ ಉಳಿದ, ಜೊತೆಗೆ ಇಬ್ಬರು ಕಲ್ಲುಕೆಲಸದವರು. 1817ರ ನವೆಂಬರಿನಲ್ಲಿ ಅವರು ಕರಾರು ಬರೆದುಕೊಂಡರು: ದನಕರು, ದಾಸ್ತಾನು ಸಮಪಾಲು; ಲಾಭವೂ ಸಮ, ಖರ್ಚೂ ಸಮ; ಯಾರೂ ಯಾರಿಗೂ ಮೇಲಲ್ಲ. ಪಡೆ ತಂದ ಫಿರಂಗಿಗಳಿಗಿಂತ ಈ ಹಾಳೆಗೇ ತೂಕ ಹೆಚ್ಚು ಎನ್ನಬೇಕು. ಇಂದಿಗೂ ಅಲ್ಲಿನ ನೆಲ ಇಡೀ ಊರಿನದು. ಒಂದೊಂದು ಮನೆ ಸಾಕಬಹುದಾದ ದನ, ಕುರಿಗೆ ಮಿತಿಯಿದೆ. ಹುಲ್ಲುಗಾವಲು ಚಿಕ್ಕದು, ಮೇಲಾಗಿ ಒಬ್ಬರೇ ಸಿರಿವಂತರಾಗುವುದು ಊರಿಗೆ ಬೇಡ.

ಆಮೇಲೆ ಜನ ಸೇರಿದ್ದೆಲ್ಲ ಹಡಗುಗಳ ದೆಸೆಯಿಂದ. 1827ರಲ್ಲಿ ಐವರು ಬ್ರಹ್ಮಚಾರಿಗಳ ಕೋರಿಕೆಯಂತೆ ಕಪ್ತಾನನೊಬ್ಬ ಸೇಂಟ್ ಹೆಲೆನಾದಿಂದ ಐವರು ಹೆಂಗಸರನ್ನು ಕರೆತಂದ. (ಹೆಣ್ಣು ನೋಡುವ ಶಾಸ್ತ್ರಕ್ಕೆ ಅವಕಾಶವೇ ಇರಲಿಲ್ಲ!) 1836ರಲ್ಲಿ ಹಡಗೊಡೆದು ದಡ ಸೇರಿದ ಡಚ್ಚರ ಪೀಟರ್ ಗ್ರೂನ್ ಮುಂದೆ ಗ್ರೀನ್ ಆದ. ರೋಜರ್ಸ್, ಹೇಗನ್ ಅಮೆರಿಕದಿಂದ ಬಂದವರು. ಲವರೆಲ್ಲೊ, ರೆಪೆಟ್ಟೊ 1892ರಲ್ಲಿ ಒಡೆದ ಇಟಲಿಯ ಹಡಗಿನ ನಾವಿಕರು. ಇವರಿಗೂ ಮೊದಲೇ ನೆಲೆಸಿದ್ದ ಗ್ಲಾಸ್, ಸ್ವೇನ್ ಸೇರಿಸಿದರೆ ಏಳು ಮನೆತನ.

ಬದುಕು ಆಲೂಗಡ್ಡೆಯ ಮೇಲೆ. ಊರಿನಿಂದ ಮೂರು ಕಿಲೋಮೀಟರ್ ದೂರದ ಗದ್ದೆಗಳಿಗೆ ಕಪ್ಪು ಕಲ್ಲಿನ ಗೋಡೆ ಕಟ್ಟಿರುವುದು ಗಾಳಿ ತಡೆಯಲು. 1882ರಲ್ಲಿ ಒಡೆದ ಇನ್ನೊಂದು ಹಡಗಿನಿಂದ ಇಲಿಗಳೂ ಇಳಿದು ಬೆಳೆಗೆ ಬಿದ್ದವು. ಆಲೂಗಡ್ಡೆ, ಮಾಂಸ ಕೊಟ್ಟು ಹಾದುಹೋಗುವ ಹಡಗುಗಳಿಂದ ಹಿಟ್ಟು, ಬಟ್ಟೆ ಪಡೆಯಬೇಕಿತ್ತು. ಅದಕ್ಕೆ ದೋಣಿ ಬೇಕು. ದ್ವೀಪದ ಮರವೋ ಗಿಡ್ಡ, ಸೊಟ್ಟ, ಹಲಗೆಗೆ ಬಾರದು. ಹಾಗಾಗಿ ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿ, ಬಣ್ಣ ಬಳಿದ ದೋಣಿ ರೂಢಿಗೆ ಬಂತು. ಹಗುರ, ಕೈಯಿಂದಲೇ ದಡಕ್ಕೆ ಎಳೆಯಬಹುದು. ಚೂಪುಕಲ್ಲು ತಾಗಿದರೆ ಮಾತ್ರ ಹರಿಯುತ್ತದೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಾಯಿಹಡಗುಗಳ ಕಾಲವೂ ಮುಗಿಯುತ್ತ ಬಂತು; ದ್ವೀಪದ ಬಳಿ ಹಾಯುವ ಹಡಗುಗಳು ವಿರಳವಾದವು. ಹಡಗು ಕಂಡರೆ ಸಾಕು, ಜನ ದೋಣಿ ಇಳಿಸುತ್ತಿದ್ದರು. 1885ರ ನವೆಂಬರಿನಲ್ಲಿ ಹಾಗೆ ಹೊರಟ 15 ಗಂಡಸರು ಮರಳಲಿಲ್ಲ. ಊರಿನ ದುಡಿಯುವ ಕೈಗಳಲ್ಲಿ ಹೆಚ್ಚಿನವು ಅವು.

1961ರ ಅಕ್ಟೋಬರಿನಲ್ಲಿ ಊರಿನ ಮಗ್ಗುಲಲ್ಲೇ ಜ್ವಾಲಾಮುಖಿ ಬಾಯಿ ತೆರೆಯಿತು. ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಮರಳುವ ಬಗ್ಗೆ ಮತ ಕೇಳಿದಾಗ 148 ಮಂದಿ ಹೂಂ ಎಂದರು, ಐವರು ಮಾತ್ರ ಬೇಡವೆಂದರು. 1963ರಲ್ಲಿ ವಾಪಸು ಬಂದು ನೋಡಿದರೆ ಮನೆಗಳು ಬಹುಮಟ್ಟಿಗೆ ಉಳಿದಿದ್ದವು. ಸಿಗಡಿ ಜಾತಿಯ ದೊಡ್ಡ ಲಾಬ್‌ಸ್ಟರನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯೂ ದೋಣಿ ಎಳೆಯುತ್ತಿದ್ದ ದಡವೂ ಲಾವಾದ ಅಡಿ ಸೇರಿದ್ದವು. ಆ ದಡದ ಬದಲಿಗೆ ಕಟ್ಟಿದ್ದೇ 1967ರ ಪುಟ್ಟ ಬಂದರು. ದೊಡ್ಡ ಹಡಗು ಒಳಬರುವಂತಿಲ್ಲ. ಹೊರಗೆ ನಿಂತು ಸಾಮಾನನ್ನು ಚಿಕ್ಕ ದೋಣಿಗಳಿಗೆ ದಾಟಿಸಬೇಕು. ಅಲೆ ಎದ್ದರೆ ಅದೂ ಆಗದು, ದಿನಗಟ್ಟಲೆ ಕಾಯಬೇಕು.